ಹಿತ್ತಿಲ ಗ್ಯಾರೇಜಿನಿಂದ ಆರಂಭಿಸಿ

ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ಮೈಸೂರಿನಲ್ಲಿ ಆರ್ಕಿಟೆಕ್ಚರ್ ಓದಿ ಸ್ಯಾಕ್ರಮೆಂಟೊಗೆ ಬಂದು ಎಂಟು ತಿಂಗಳಾಗಿದೆ, ಎಚ್-1ಬಿ ವೀಸಾದ ಮೇಲೆ ಒಂದು ವಿನ್ಯಾಸ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದೀರಿ, ಕೈಯಲ್ಲಿ ಅಷ್ಟಿಷ್ಟು ಉಳಿತಾಯವಿದೆ ಎಂದು ತಿಳಿಯಿತು. ಕಲಿತ ವಿದ್ಯೆಯನ್ನೇ ಬಂಡವಾಳ ಮಾಡಿಕೊಂಡು ಇಲ್ಲಿ ರಿಯಲ್ ಎಸ್ಟೇಟಿಗೆ ಇಳಿಯಬಹುದೇ, ಹಳೆಯ ಮನೆ ಕೊಂಡು ದುರಸ್ತಿ ಮಾಡಿ ಮಾರುವುದು ಮೇಲೋ, ಬಾಡಿಗೆಗೆ ಕೊಡುವುದು ಮೇಲೋ ಎಂದು ಕೇಳಿದ್ದೀರಿ. ಲೈಸೆನ್ಸ್ ಬಗ್ಗೆಯೂ ಒಂದು ಪ್ರಶ್ನೆ ಇದೆ. ಹತ್ತೊಂಬತ್ತು ವರ್ಷಗಳ ಹಿಂದೆ ನಾನೂ ಇದೇ ಊರಿಗೆ ಇದೇ ವಿದ್ಯೆ ಹಿಡಿದು ಬಂದವನು. ನನಗೆ ಅನುಭವದಿಂದ ತಿಳಿದಷ್ಟನ್ನು ಬರೆಯುತ್ತೇನೆ.

ಖಂಡಿತ ಇಳಿಯಬಹುದು. ಆದರೆ ಮೊದಲ ಹೆಜ್ಜೆ ಮಾರುವುದಕ್ಕಾಗಿ ಕೊಳ್ಳುವ ಮನೆಯಾಗಬಾರದು, ನೀವೇ ವಾಸಿಸುವ ಮನೆಯಾಗಬೇಕು, ಮತ್ತು ಅದರ ಅಂಗಳದಲ್ಲಿ ಇನ್ನೊಂದು ಸಣ್ಣ ಬಾಡಿಗೆ ಮನೆಗೆ ಜಾಗವಿರಬೇಕು. ಇದು ನಮಗೆ ಹೊಸ ವಿಚಾರವೇನಲ್ಲ. ನಾನು ಬೆಳೆದದ್ದು ರಾಜಾಜಿನಗರದ 30x40 ಸೈಟಿನ ಮನೆಯಲ್ಲಿ. ಕೆಳಗೆ ನಾವು, ಮೇಲೆ ಎರಡು ಬಾಡಿಗೆ ಸಂಸಾರ. ಅಪ್ಪ ಮನೆಸಾಲದ ಕಂತನ್ನು ಬಹುಪಾಲು ಆ ಬಾಡಿಗೆಯಿಂದಲೇ ಕಟ್ಟಿದರು. ಅಮೆರಿಕದಲ್ಲಿ ಇದಕ್ಕೆ ಹೊಸ ಹೆಸರು ಕೊಟ್ಟು ಪಾಠ ಹೇಳುವವರು ಈಗ ಬಹಳ ಮಂದಿ ಇದ್ದಾರೆ, ಆದರೆ ಬೆಂಗಳೂರು, ಮೈಸೂರುಗಳ ಮಧ್ಯಮ ವರ್ಗ ಇದನ್ನು ಯಾವ ಪಾಠವೂ ಇಲ್ಲದೆ ಮಾಡಿಕೊಂಡು ಬಂದಿದೆ. ಒಂದು ವ್ಯತ್ಯಾಸ ನೆನಪಿರಲಿ: ಅಲ್ಲಿಯಂತೆ ಹತ್ತು ತಿಂಗಳ ಅಡ್ವಾನ್ಸ್ ಇಲ್ಲಿ ಸಿಗುವುದಿಲ್ಲ. 2024ರ ಜುಲೈಯಿಂದ ಕ್ಯಾಲಿಫೋರ್ನಿಯಾದಲ್ಲಿ ಠೇವಣಿಗೆ ಒಂದು ತಿಂಗಳ ಬಾಡಿಗೆಯೇ ಮಿತಿ, ಸಣ್ಣ ಮಾಲೀಕರಿಗೆ ಮಾತ್ರ ಎರಡು ತಿಂಗಳು.

ಹಿಂದೆ ಇಲ್ಲಿ ಒಂಟಿ ಮನೆಯ ಸೈಟಿನಲ್ಲಿ ಎರಡನೆಯ ಮನೆ ಕಟ್ಟುವುದು ಬಹಳ ಕಷ್ಟದ ಮಾತಾಗಿತ್ತು. 2017ರಲ್ಲಿ, ಅದಕ್ಕಿಂತ ಹೆಚ್ಚಾಗಿ 2020ರಲ್ಲಿ ಜಾರಿಗೆ ಬಂದ ರಾಜ್ಯದ ಕಾನೂನುಗಳು ಅದನ್ನು ಬದಲಾಯಿಸಿದವು. ಎಡಿಯು ಎಂದು ಕರೆಯುವ ಈ ಹಿತ್ತಿಲ ಮನೆಗೆ ಬದಿಯಲ್ಲೂ ಹಿಂಬದಿಯಲ್ಲೂ ಗಡಿಯಿಂದ 4 ಅಡಿ ಸೆಟ್‌ಬ್ಯಾಕ್ ಬಿಟ್ಟರೆ ಸಾಕು. 16 ಅಡಿ ಎತ್ತರದ, 800 ಚದರಡಿಯವರೆಗಿನ ಮನೆಯನ್ನು ಸೈಟಿನಲ್ಲಿ ಕಟ್ಟಡ ಆವರಿಸುವ ಜಾಗ ಮಿತಿ ಮೀರಿತೆಂಬ ಕಾರಣಕ್ಕೆ ನಗರಾಡಳಿತ ತಡೆಯುವಂತಿಲ್ಲ. ಅರ್ಜಿ ಪೂರ್ಣವಾಗಿದ್ದರೆ ನೆರೆಹೊರೆಯವರ ವಿಚಾರಣೆಯಿಲ್ಲದೆ 60 ದಿನಗಳಲ್ಲಿ ತೀರ್ಮಾನ ಹೇಳಬೇಕು. 750 ಚದರಡಿಗಿಂತ ಚಿಕ್ಕದಾದರೆ ಅಭಿವೃದ್ಧಿ ಶುಲ್ಕದ ಹೊರೆಯಿಲ್ಲ. ಗ್ಯಾರೇಜನ್ನು ಮನೆ ಮಾಡಿಕೊಂಡರೆ ಕಳೆದುಹೋದ ಪಾರ್ಕಿಂಗಿಗೆ ಬದಲಿ ಜಾಗ ತೋರಿಸಬೇಕಾಗಿಲ್ಲ. 2025ರ ಜನವರಿಯ ಹೊತ್ತಿಗೆ ಪ್ರತಿ ನಗರವೂ ಮುಂಚಿತವಾಗಿ ಒಪ್ಪಿಗೆ ಪಡೆದ ನಕ್ಷೆಗಳ ವ್ಯವಸ್ಥೆ ಮಾಡಬೇಕೆಂಬ ಕಾನೂನೂ ಬಂದಿದೆ.

ಈ ಕೊನೆಯ ಮಾತನ್ನು ಒತ್ತಿ ಹೇಳುತ್ತೇನೆ. ನಕ್ಷೆ ಸಿದ್ಧವಾಗಿಯೇ ಸಿಗುವಾಗ ನಕ್ಷೆ ಬರೆಯುವ ಕೈಗಿಂತ ಮನೆಯನ್ನು ಓದುವ ಕಣ್ಣಿಗೆ ಬೆಲೆ ಹೆಚ್ಚು. ಒಂದೇ ಬೀದಿಯ, ಒಂದೇ ಬೆಲೆಯ ಎರಡು ಮನೆಗಳಲ್ಲಿ ಯಾವುದರ ಹಿತ್ತಿಲಲ್ಲಿ ಇನ್ನೊಂದು ಮನೆ ಕಡಿಮೆ ಖರ್ಚಿನಲ್ಲಿ ಎದ್ದು ನಿಲ್ಲುತ್ತದೆ ಎಂಬುದು ಬ್ರೋಕರಿಗೆ ಕಾಣುವುದಿಲ್ಲ, ಸಾಲ ಕೊಡುವವರಿಗೂ ಕಾಣುವುದಿಲ್ಲ. ನಿಮಗೆ ಅರ್ಧ ಗಂಟೆಯಲ್ಲಿ ಕಾಣಬೇಕು.

ಉದಾಹರಣೆಗೆ, ಇಲ್ಲಿನ ಓಕ್ ಪಾರ್ಕ್ ಬಡಾವಣೆಯ ಹಳೆಯ ಮನೆಯೊಂದರ ಹಿಂದೆ, ಓಣಿಗೆ ಬಾಗಿಲಿರುವ 20x20 ಅಡಿಯ ಗ್ಯಾರೇಜು ಇದೆ ಎಂದುಕೊಳ್ಳಿ. 400 ಚದರಡಿ, ಒಬ್ಬರು ಅಥವಾ ದಂಪತಿ ಇರಲು ಸಾಕು. ಒಳಗೆ ಹೋದವರು ಮೊದಲು ಗೋಡೆ ನೋಡುತ್ತಾರೆ, ನೀವು ನೆಲ ನೋಡಿ. ನೀರು ಹೊರಗೆ ಹರಿಯಲೆಂದು ಗ್ಯಾರೇಜಿನ ಕಾಂಕ್ರೀಟು ಬಾಗಿಲ ಕಡೆಗೆ ಇಳಿಜಾರಾಗಿರುತ್ತದೆ. ಅದನ್ನು ಸಮ ಮಾಡಿ, ತೇವ ತಡೆಯುವ ಹಾಳೆ ಹಾಕಿ, ನೆಲಹಾಸು ಕೂರಿಸಿದ ಮೇಲೂ ಚಾವಣಿಗೆ 7 ಅಡಿ ಉಳಿಯಬೇಕು. ದೊಡ್ಡ ಬಾಗಿಲು ತೆಗೆದು ಗೋಡೆ ಎಬ್ಬಿಸುವ ಕಡೆ ಬಹಳಷ್ಟು ಹಳೆಯ ಗ್ಯಾರೇಜುಗಳಲ್ಲಿ ತಳಪಾಯವೇ ಇರುವುದಿಲ್ಲ, ಅಲ್ಲಿ ಅಗೆದು ಹೊಸದಾಗಿ ಹಾಕಬೇಕು. ಮಲಗುವ ಜಾಗದಲ್ಲಿ ಬೆಂಕಿಯ ಹೊತ್ತಿಗೆ ಹೊರಗೆ ಬರಬಲ್ಲಂಥ ಕಿಟಕಿ ಬೇಕು. ಅದರ ಕೆಳ ಅಂಚು ನೆಲದಿಂದ 44 ಇಂಚಿಗಿಂತ ಮೇಲಿರಬಾರದು.

ಆಮೇಲೆ ಹೊರಗೆ ಬಂದು, ಮುಖ್ಯ ಮನೆಯ ಒಳಚರಂಡಿ ಕೊಳವೆ ಎಲ್ಲಿ ಹೋಗುತ್ತದೆ ಎಂದು ಹುಡುಕಿ, ಮುಚ್ಚಳ ತೆಗೆಸಿ ಆಳ ಅಳೆಯಿರಿ. ಕೊಳವೆಗೆ ಪ್ರತಿ ಅಡಿಗೆ ಕಾಲು ಇಂಚು ಇಳಿಜಾರು ಬೇಕು. ಗ್ಯಾರೇಜಿನ ಬಚ್ಚಲಿನಿಂದ ಕೊಳವೆ ಸೇರುವ ಜಾಗ 60 ಅಡಿ ದೂರವಿದ್ದರೆ 15 ಇಂಚು ಇಳಿಯಬೇಕಾಯಿತು. ಮುಖ್ಯ ಕೊಳವೆ ಅಷ್ಟು ಆಳದಲ್ಲಿ ಇಲ್ಲದಿದ್ದರೆ ಪಂಪು ಕೂರಿಸಬೇಕು, ಇಲ್ಲವೇ ರಸ್ತೆಯವರೆಗೆ ಹೊಸ ಕೊಳವೆ ಹಾಕಬೇಕು. ಆಗ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ವಿದ್ಯುತ್ ಪ್ಯಾನೆಲ್ 100 ಆಂಪಿಯರಿನದೋ 200ರದೋ ಎಂಬುದನ್ನೂ ಆಗಲೇ ನೋಡಿ. ಪ್ರವಾಹದ ಭೂಪಟ ನೋಡುವುದನ್ನಂತೂ ಮರೆಯಬೇಡಿ: ಎರಡು ನದಿ ಸೇರುವ ಊರಿದು, ನದಿಯ ಒಡ್ಡುಗಳು ಸಾಕಷ್ಟು ಗಟ್ಟಿಯಿಲ್ಲವೆಂಬ ಕಾರಣಕ್ಕೆ ನಟೋಮಸ್ ಭಾಗದಲ್ಲಿ 2008ರ ಕೊನೆಯಿಂದ 2015ರವರೆಗೆ ಹೊಸ ಮನೆ ಕಟ್ಟುವುದೇ ಹೆಚ್ಚುಕಡಿಮೆ ನಿಂತುಹೋಗಿತ್ತು.

ಇದನ್ನೆಲ್ಲ ನಾನು ಕಲಿತದ್ದು ನಷ್ಟ ಮಾಡಿಕೊಂಡು. ನಾನು ಕೊಂಡ ಮೊದಲ ಮನೆಯ ಹಿಂದೆ ಒಂದು ಕೋಣೆ ಸೇರಿಸಿದ್ದರು. ಮಾರುವವರ ಪರವಾಗಿ ಬಂದಿದ್ದವರು ಅದನ್ನೂ ಸೇರಿಸಿ ಚದರಡಿ ಹೇಳಿದರು, ನಾನು ನಂಬಿದೆ. ನಗರದ ಕಚೇರಿಗೆ ಹೋಗಿ ಹಳೆಯ ಪರವಾನಗಿ ಕಾಗದ ಕೇಳಿದ್ದರೆ ಆ ಕೋಣೆಗೆ ಪರವಾನಗಿಯೇ ಇರಲಿಲ್ಲವೆಂದು ಒಂದೇ ದಿನದಲ್ಲಿ ತಿಳಿಯುತ್ತಿತ್ತು. ಕೊನೆಗೆ ಅದನ್ನು ಕೆಡವಿ ಕಟ್ಟಿಸಬೇಕಾಯಿತು. ಅದೇ ಸೈಟಿನಲ್ಲಿ ಕಟ್ಟಿಸಿದ ಹಿತ್ತಿಲ ಮನೆಗೆ ಬೆಳಕು ಬರಲೆಂದು ಚಾವಣಿಯಲ್ಲಿ ಎರಡು ಗಾಜಿನ ಕಿಂಡಿಗಳನ್ನೂ ಆಗ ತೆರೆಸಿದೆ. ಇವತ್ತಿಗೂ ಆ ಬೆಳಕು ನನಗೆ ಬಹಳ ಇಷ್ಟ, ಆದರೆ ಬಾಡಿಗೆ ಅದಕ್ಕಾಗಿ ಒಂದು ಡಾಲರೂ ಏರಲಿಲ್ಲ. ನಮ್ಮ ವೃತ್ತಿಯವರಿಗೆ ಇದೊಂದು ನಿಜವಾದ ಅಪಾಯ: ಮನೆ ಚೆಂದವಾಗುತ್ತಾ ಹೋದಂತೆ ಖರ್ಚು ಕಣ್ಣಿಗೆ ಬೀಳುವುದಿಲ್ಲ. ಅದೇ ಬೆಳಕನ್ನು ದಕ್ಷಿಣದ ಗೋಡೆಯ ಒಂದು ಎತ್ತರದ ಕಿಟಕಿಯಿಂದ ತರಬಹುದಿತ್ತು.

ಈಗ ಕೊಂಡು, ದುರಸ್ತಿ ಮಾಡಿ, ಮಾರುವ ವಿಚಾರ. ನಿಮಗೆ ಸದ್ಯ ಅದು ಬೇಡ ಎಂದೇ ಹೇಳುತ್ತೇನೆ, ಮುಖ್ಯ ಕಾರಣ ವೀಸಾ. ಎಚ್-1ಬಿ ಮೇಲೆ ಇರುವವರು ಮನೆ ಕೊಂಡು ಬಾಡಿಗೆ ಪಡೆಯುವುದು ಹೂಡಿಕೆ. ಆದರೆ ಮನೆಯ ಮೇಲೆ ಮನೆ ಕೊಂಡು ಮಾರುತ್ತಾ ಅದನ್ನೇ ವ್ಯಾಪಾರವಾಗಿ ನಡೆಸಿದರೆ ಅನುಮತಿಯಿಲ್ಲದ ಉದ್ಯೋಗವೆಂದು ಎಣಿಸುವ ಅಪಾಯವಿದೆ. ಸ್ನೇಹಿತರಿಗೆ ಹಣ ಪಡೆದು ನಕ್ಷೆ ಬರೆದುಕೊಡುವುದೂ ಸಲ್ಲದು. ಯಾವುದೇ ಕಾಗದಕ್ಕೆ ಸಹಿ ಹಾಕುವ ಮೊದಲು ವಲಸೆ ವಕೀಲರಿಗೆ ಒಂದು ಗಂಟೆಯ ಶುಲ್ಕ ಕೊಟ್ಟು ಕೇಳಿಕೊಳ್ಳಿ.

ಸಾಲದ ವಿಷಯದಲ್ಲಿ ಹಳೆಯ ಸಲಹೆಗಳನ್ನು ನಂಬಬೇಡಿ. ಶೇ 3.5 ಡೌನ್ ಪೇಮೆಂಟಿನ, ಸರ್ಕಾರದ ಖಾತರಿಯಿರುವ ಎಫ್‌ಎಚ್‌ಎ ಸಾಲವನ್ನು ತೆಗೆದುಕೊಳ್ಳಿ ಎಂದು ಈಗಲೂ ಹಲವರು ಹೇಳುತ್ತಾರೆ, ಆದರೆ 2025ರ ಮೇ ಕೊನೆಯಿಂದ ಆ ಸಾಲ ಎಚ್-1ಬಿಯವರಿಗೆ ಸಿಗುತ್ತಿಲ್ಲ. ಬ್ಯಾಂಕುಗಳಿಂದ ಮನೆಸಾಲಗಳನ್ನು ಕೊಳ್ಳುವ ಫ್ಯಾನಿ ಮೇ ಸಂಸ್ಥೆಯ ನಿಯಮದ ಸಾಮಾನ್ಯ ಸಾಲದ ದಾರಿ ತೆರೆದಿದೆ. ನೀವೇ ವಾಸಿಸುವುದಾದರೆ ನಾಲ್ಕು ಮನೆಗಳವರೆಗಿನ ಕಟ್ಟಡಕ್ಕೂ 2023ರ ನವೆಂಬರಿನಿಂದ ಶೇ 5 ಡೌನ್ ಪೇಮೆಂಟ್ ಸಾಕು. ಅಷ್ಟು ಕಡಿಮೆ ಕೊಟ್ಟರೆ ಕಂತಿನ ಜೊತೆ ಸಾಲದ ವಿಮೆಯೂ ಸೇರುತ್ತದೆ. ಕೆಲಸ ಹೋದರೂ ಆರು ತಿಂಗಳ ಕಂತು ಕಟ್ಟುವಷ್ಟು ಹಣವನ್ನು ಬೇರೆಯಾಗಿ ಇಟ್ಟುಕೊಳ್ಳದೆ ಮುಂದುವರಿಯಬೇಡಿ, ಏಕೆಂದರೆ ಕೆಲಸ ಹೋದರೆ ನಿಮ್ಮ ವೀಸಾಕ್ಕೆ ಹೆಚ್ಚೆಂದರೆ 60 ದಿನಗಳ ಗಡುವಷ್ಟೇ ಇರುತ್ತದೆ. ತೆರಿಗೆಯ ಬಗ್ಗೆ ಒಂದೇ ಮಾತು: ಆಸ್ತಿ ತೆರಿಗೆಯ ಏರಿಕೆಗೆ ಮಿತಿ ಹಾಕುವ 1978ರ ಪ್ರಾಪ್ 13 ನಿಯಮದಿಂದಾಗಿ ಹಿತ್ತಿಲ ಮನೆ ಕಟ್ಟಿದಾಗ ಹೊಸದಾಗಿ ಕಟ್ಟಿದ ಭಾಗವನ್ನಷ್ಟೇ ಹೊಸ ಬೆಲೆಗೆ ಸೇರಿಸುತ್ತಾರೆ, ಹಳೆಯ ಮನೆಯ ತೆರಿಗೆ ಒಮ್ಮೆಲೇ ಮೇಲೇರುವುದಿಲ್ಲ.

ಕೊನೆಯದಾಗಿ ಲೈಸೆನ್ಸ್. ಭಾರತದ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ನೋಂದಣಿ ಇದ್ದರೂ ಇಲ್ಲಿ ಲೈಸೆನ್ಸ್ ಇಲ್ಲದೆ ಆರ್ಕಿಟೆಕ್ಟ್ ಎಂದು ಹೇಳಿಕೊಳ್ಳುವಂತಿಲ್ಲ, ವಿಸಿಟಿಂಗ್ ಕಾರ್ಡಿನಲ್ಲೂ ಹಾಕುವಂತಿಲ್ಲ. ಆದರೆ ಎರಡು ಅಂತಸ್ತು ಮೀರದ, ಮರದ ಚೌಕಟ್ಟಿನ ಒಂಟಿ ಮನೆಗೆ ಲೈಸೆನ್ಸ್ ಇಲ್ಲದವರೂ ನಕ್ಷೆ ಸಿದ್ಧಪಡಿಸಬಹುದೆಂದು ಕ್ಯಾಲಿಫೋರ್ನಿಯಾದ ಕಾನೂನೇ ಹೇಳುತ್ತದೆ. ರೂಢಿಯ ಚೌಕಟ್ಟಿನ ಕ್ರಮ ಬಿಟ್ಟು ಬೇರೆ ರೀತಿಯಲ್ಲಿ ಕಟ್ಟುವ ಭಾಗಕ್ಕೆ ಮಾತ್ರ ಎಂಜಿನಿಯರ್ ಸಹಿ ಬೇಕಾಗುತ್ತದೆ. ಹೀಗಾಗಿ ನಿಮ್ಮ ಹಿತ್ತಿಲ ಮನೆಯ ನಕ್ಷೆಯನ್ನು ನೀವೇ ಬರೆಯಬಹುದು. ಲೈಸೆನ್ಸ್ ಬೇಕೆನಿಸಿದರೆ 3,740 ಗಂಟೆಗಳ ಅನುಭವದ ದಾಖಲೆ, ಆರು ಭಾಗಗಳ ಪರೀಕ್ಷೆ, ಅದರ ಮೇಲೆ ರಾಜ್ಯದ ಒಂದು ಪರೀಕ್ಷೆ. ಕಚೇರಿಯಲ್ಲಿ ನೀವು ಈಗ ದುಡಿಯುತ್ತಿರುವ ಗಂಟೆಗಳೂ ಅದಕ್ಕೆ ಸಲ್ಲಬಹುದು, ಆದ್ದರಿಂದ ಈ ವಾರವೇ ನಿಮ್ಮ ಮೇಲ್ವಿಚಾರಕರನ್ನು ಕೇಳಿ ದಾಖಲಿಸಲು ಆರಂಭಿಸಿ. ಮನೆ ನೋಡಲು ಹೋಗುವ ದಿನ ತಿಳಿಸಿದರೆ, ಶನಿವಾರವಾದರೆ, ಟೇಪು ಹಿಡಿದು ನಾನೂ ಬರುತ್ತೇನೆ.