ಅಳಿಯನ ಹೆಸರು ಹುಡುಕುವ ಮುಂಚೆ

ಓದುಗರ ಪತ್ರ: ಮಾನ್ಯ ಸಂಪಾದಕರೇ, ನನ್ನ ಮಗಳಿಗೆ ಅಮೆರಿಕದಿಂದ ಒಂದು ಸಂಬಂಧ ಬಂದಿದೆ. ಹುಡುಗ ನ್ಯೂಯಾರ್ಕ್ ಪಕ್ಕದ ನ್ಯಾಸೊ ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ಹಿಕ್ಸ್‌ವಿಲ್‌ನಲ್ಲಿದ್ದಾನೆ. ಎಲ್ಲ ಕೂಡಿಬಂದಿದೆ. ಆದರೆ ಆತ ಕುಡಿದು ಕಾರು ಓಡಿಸಿ ಒಮ್ಮೆ ಅರೆಸ್ಟ್ ಆಗಿದ್ದನಂತೆ, ನೆಂಟರೊಬ್ಬರು ಕಿವಿಯಲ್ಲಿ ಹೇಳಿದರು. ಅಲ್ಲಿ ಇಂಥ ದಾಖಲೆ ಯಾರು ಬೇಕಾದರೂ ನೋಡಬಹುದಂತೆ ಹೌದೇ? ದುಡ್ಡು ಕಟ್ಟಿದರೆ ಎಲ್ಲ ತೆಗೆದುಕೊಡುತ್ತೇವೆ ಎನ್ನುವ ಕಂಪನಿಗಳಿವೆ, ನಂಬಬಹುದೇ? ಇನ್ನೊಂದು ಮಾತು. ನಮ್ಮಲ್ಲೂ ಕುಡಿದು ಓಡಿಸುವವರ ಹೆಸರು, ಫೋಟೋ ಪ್ರತಿ ಸಂಚಿಕೆಯಲ್ಲಿ ಹಾಕಿದರೆ ಬುದ್ಧಿ ಬರುತ್ತದೆ. ನಿಮ್ಮ ಪತ್ರಿಕೆ ಯಾಕೆ ಶುರು ಮಾಡಬಾರದು? ಅಂದ ಹಾಗೆ, ಸಂಚಿಕೆ ನನಗೆ ತಡವಾಗಿ ತಲುಪುತ್ತಿದೆ. (ದಯವಿಟ್ಟು ನನ್ನ ಹೆಸರು ಹಾಕಬೇಡಿ.)

— ನಿವೃತ್ತ ಶಿಕ್ಷಕರು, ಶಿವಮೊಗ್ಗ ಜಿಲ್ಲೆ

ಸಂಪಾದಕರ ಉತ್ತರ: ಮೇಷ್ಟ್ರೇ, ನಿಮ್ಮ ಕಾಗದ ಓದಿ ಮೊದಲು ನಗು ಬಂತು. ಊರವರ ಹೆಸರೆಲ್ಲ ಹಾಕಿ ಅಂತೀರಿ, ಕಂಸದೊಳಗೆ ನಿಮ್ಮದು ಮಾತ್ರ ಬೇಡ ಅಂತೀರಿ. ಹಾಕಿಲ್ಲ, ಬಿಡಿ. ಮಗಳ ಮದುವೆ ವಿಷಯ. ಆದರೆ ಆ ಹುಡುಗನಿಗೂ ಮನೆಯಲ್ಲಿ ಒಬ್ಬ ಅಪ್ಪ ಇರುತ್ತಾರೆ, ಅಲ್ವಾ?

ನಿಮ್ಮ ಆತಂಕ ಸುಮ್ನೆ ಹುಟ್ಟಿದ್ದಲ್ಲ ಎಂದು ಒಪ್ಪುತ್ತೇನೆ. ಕುಡಿದು ಗಾಡಿ ಓಡಿಸುವವನು ತನ್ನ ಜೀವದ ಜೊತೆ ಇನ್ನೊಬ್ಬರ ಜೀವವನ್ನೂ ಪಣಕ್ಕಿಡುತ್ತಾನೆ. ನೀವು ಹೇಳಿದ ಅದೇ ನ್ಯಾಸೊದಲ್ಲಿ 2005ರ ಜುಲೈನಲ್ಲಿ ಮದುವೆ ಮುಗಿಸಿ ಮನೆಗೆ ಹೊರಟಿದ್ದ ಲಿಮೊಸಿನ್‌ಗೆ ಎದುರಿನಿಂದ ಒಂದು ಪಿಕಪ್ ಗುದ್ದಿತು. ಮೆಡೋಬ್ರೂಕ್ ಪಾರ್ಕ್‌ವೇ ಎಂಬ ಹೆದ್ದಾರಿಯಲ್ಲಿ ಅದು ರಾಂಗ್ ಸೈಡಿನಲ್ಲಿ ಬರುತ್ತಿತ್ತು. ಓಡಿಸುತ್ತಿದ್ದವನ ರಕ್ತದಲ್ಲಿ ಆಲ್ಕೋಹಾಲ್ ಕಾನೂನಿನ ಮಿತಿಯ ಮೂರು ಪಟ್ಟಿಗಿಂತ ಜಾಸ್ತಿ. ಮದುವೆಯಲ್ಲಿ ಹೂವಿನ ಬುಟ್ಟಿ ಹಿಡಿದು ಮುಂದೆ ನಡೆದಿದ್ದ 7 ವರ್ಷದ ಹುಡುಗಿ ಮತ್ತು ಲಿಮೊಸಿನ್ ಚಾಲಕ ಸತ್ತರು. ಮರುವರ್ಷ ಜ್ಯೂರಿ, ಅಂದರೆ ಕೋರ್ಟಿನಲ್ಲಿ ತೀರ್ಮಾನ ಹೇಳುವ ಸಾಮಾನ್ಯ ಜನರ ತಂಡ, ಪಿಕಪ್ ಓಡಿಸಿದವನನ್ನು ಕೊಲೆಗಾರ ಎಂದೇ ತೀರ್ಮಾನಿಸಿತು. ಬರೀ ಅಪಘಾತ ಎನ್ನಲಿಲ್ಲ. ಇದನ್ನು ಕಂಡ ಜನ ಸಿಟ್ಟಾದರೆ ತಪ್ಪಿಲ್ಲ.

ಆ ಸಿಟ್ಟು ಎಲ್ಲಿಗೆ ಹೋಯಿತು ನೋಡಿ. 2008ರಲ್ಲಿ ಕೌಂಟಿಯ ಮುಖ್ಯಸ್ಥರಾಗಿದ್ದ ಟಾಮ್ ಸುವೋಜಿ ಸರ್ಕಾರದ ವೆಬ್‌ಸೈಟಿನಲ್ಲೇ ಒಂದು 'ವಾಲ್ ಆಫ್ ಶೇಮ್', ಅಂದರೆ ಅವಮಾನದ ಗೋಡೆ, ಕಟ್ಟಿಸಿದರು. ಕುಡಿದು ಓಡಿಸಿದ ಆರೋಪದಲ್ಲಿ ಸಿಕ್ಕಿಬಿದ್ದವರ ಹೆಸರು, ಫೋಟೋ ಅಲ್ಲಿ ಸಾಲಾಗಿ ಬಂದವು. ನೀವು ನಮ್ಮ ಪತ್ರಿಕೆಯಿಂದ ಕೇಳುತ್ತಿರುವುದೂ ಇದನ್ನೇ. ಆದರೆ ಅಲ್ಲಿ ಫೋಟೋ ಬಿದ್ದವರು ಶಿಕ್ಷೆಯಾದವರಲ್ಲ, ಬರೀ ಅರೆಸ್ಟ್ ಆದವರು. ವಿಚಾರಣೆ ಇನ್ನೂ ಬಾಕಿ. ಹಾಗೆ ಫೋಟೋ ಬಿದ್ದ ಒಬ್ಬ ಮಹಿಳೆ ಕೋರ್ಟಿಗೆ ಹೋದರು. ಅದೇ ವರ್ಷ ನ್ಯಾಸೊದ ನ್ಯಾಯಾಧೀಶರು ಆಕೆಯ ಹೆಸರು, ಫೋಟೋ ಎರಡನ್ನೂ ತೆಗೆಯಿರಿ ಎಂದರು.

ಆ ತೀರ್ಪು ನನಗೆ ತುಂಬಾ ಇಷ್ಟ. ಯಾಕೆಂದರೆ ನ್ಯಾಯಾಧೀಶರು ದಾಖಲೆಯನ್ನು ಬಚ್ಚಿಡಿ ಎಂದು ಹೇಳಲೇ ಇಲ್ಲ. ಅರೆಸ್ಟ್ ಆದದ್ದು ಸಾರ್ವಜನಿಕ ವಿಷಯ, ಬೇಕಾದವರು ಬಂದು ನೋಡಲಿ, ಪತ್ರಿಕೆಯವರು ಬರೆದುಕೊಳ್ಳಲಿ. ಆದರೆ ತೀರ್ಪಿಗೂ ಮೊದಲೇ ಸರ್ಕಾರ ತಾನೇ ಮುಂದೆ ನಿಂತು ಒಬ್ಬರ ಮುಖವನ್ನು ಇಂಟರ್ನೆಟ್ಟಿನಲ್ಲಿ ಕೊನೆಯಿಲ್ಲದೆ ನೇತುಹಾಕುವುದು ಬೇರೆ. ತೆರೆದಿಡುವುದು ಒಂದು, ಡಂಗುರ ಸಾರುವುದು ಇನ್ನೊಂದು. ಇಷ್ಟು ಸರಳವಾದ ವ್ಯತ್ಯಾಸ ನಮ್ಮ ಚಾನೆಲ್‌ಗಳಿಗೆ ಯಾವತ್ತು ಹೊಳೆಯುತ್ತದೋ! ಅಲ್ಲಿಗೆ ಆಮೇಲೆ ಬರುತ್ತೇನೆ.

ಸರಿ, ನ್ಯಾಸೊದಲ್ಲಿ ದಾಖಲೆ ಹುಡುಕುವುದು ಹೇಗೆ? ಮೊದಲ ಸಲ ಸಿಕ್ಕಿಬಿದ್ದವನ ಕೇಸು ಸಾಮಾನ್ಯವಾಗಿ ಹೆಂಪ್‌ಸ್ಟೆಡ್‌ನ ಡಿಸ್ಟ್ರಿಕ್ಟ್ ಕೋರ್ಟಿನಲ್ಲಿ ನಡೆಯುತ್ತದೆ. ಹತ್ತು ವರ್ಷದೊಳಗೆ ಎರಡನೇ ಸಲ ಶಿಕ್ಷೆಗೆ ಗುರಿಯಾದರೆ, ಅಥವಾ ಕಾರಿನಲ್ಲಿ 15 ವರ್ಷ ಅಥವಾ ಅದಕ್ಕೂ ಕಡಿಮೆ ವಯಸ್ಸಿನ ಮಗು ಇದ್ದರೆ, ಅದು ದೊಡ್ಡ ಅಪರಾಧ. ಅಂಥ ಕೇಸು ಮಿನಿಯೋಲಾದ ಕೌಂಟಿ ಕೋರ್ಟಿಗೆ ಹೋಗುತ್ತದೆ. ಕೇಸು ಇನ್ನೂ ನಡೆಯುತ್ತಿದ್ದರೆ ನ್ಯೂಯಾರ್ಕ್ ಕೋರ್ಟುಗಳ 'ವೆಬ್‌ಕ್ರಿಮಿನಲ್' ಪುಟದಲ್ಲಿ ಹೆಸರು ಹಾಕಿ ನೋಡಬಹುದು, ಕಾಸು ಬೇಡ. ಆದರೆ ಮುಂದಿನ ತಾರೀಖು ಇರುವ ಕೇಸು ಮಾತ್ರ ಅಲ್ಲಿ ಕಾಣುತ್ತದೆ. ಮುಗಿದ ಕೇಸಿಗೆ ಕೋರ್ಟಿನ ಕ್ಲರ್ಕ್ ಕಚೇರಿಗೇ ಹೋಗಿ ಕೇಳಬೇಕು. ಇಲ್ಲವೇ ರಾಜ್ಯದ ಕೋರ್ಟ್ ಆಡಳಿತಕ್ಕೆ 95 ಡಾಲರ್ ಕಟ್ಟಿ, ಹೆಸರು ಮತ್ತು ಹುಟ್ಟಿದ ತಾರೀಖು ಕೊಟ್ಟು ಇಡೀ ರಾಜ್ಯದ ಕ್ರಿಮಿನಲ್ ದಾಖಲೆ ಹುಡುಕಿಸಬೇಕು. ಹೆಸರೂ ತಾರೀಖೂ ಅಕ್ಷರಶಃ ಹೊಂದಬೇಕು.

ನಮ್ಮವರ ಹೆಸರಿನ ಕಥೆ ಗೊತ್ತಲ್ಲ? ಇಲ್ಲಿ ಇನಿಶಿಯಲ್ ಇಟ್ಟುಕೊಂಡು ಬೆಳೆದ ಹುಡುಗ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಕೊನೆಗೆ ಸೇರಿಸಿಕೊಂಡಿರುತ್ತಾನೆ. ಅಣ್ಣನದು ಒಂದು ಕೊನೆ ಹೆಸರು, ತಮ್ಮನದು ಇನ್ನೊಂದು. ಲೈಸೆನ್ಸಿನಲ್ಲಿ ಒಂದು ಸ್ಪೆಲ್ಲಿಂಗ್, ಬ್ಯಾಂಕಿನಲ್ಲಿ ಮತ್ತೊಂದು. ಕುಮಾರ್, ಪ್ರಸಾದ್, ರಾವ್ ಎಂದು ಹುಡುಕಿದರೆ ಯಾರದೋ ಕೇಸು ಯಾರದೋ ತಲೆಗೆ ಬರುತ್ತದೆ. ಲಗ್ನಪತ್ರಿಕೆಯ ಹೆಸರು ಹಿಡಿದು ಹುಡುಕಿದರೆ ಕೇಸು ಇದ್ದೂ ಸಿಗದಿರಬಹುದು. ನಿಮ್ಮ ನೆಂಟರು ಹೇಳಿದ ಹುಡುಗ ಇವನೇ ಎಂದು ಹೇಗೆ ಗೊತ್ತು? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಾವು.

ಇನ್ನು ಹೆಸರು ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಏನು ಸಿಕ್ಕಿತು ಎಂಬುದನ್ನೂ ಓದಲು ಬರಬೇಕು. ನ್ಯೂಯಾರ್ಕ್‌ನಲ್ಲಿ ರಕ್ತದ ಆಲ್ಕೋಹಾಲ್ ಶೇ. 0.08 ಮುಟ್ಟಿದರೆ ಅದು ಕ್ರಿಮಿನಲ್ ಅಪರಾಧ. 0.05ಕ್ಕಿಂತ ಮೇಲೆ, 0.08ಕ್ಕಿಂತ ಕೆಳಗೆ ಇದ್ದರೆ ಅದೊಂದು ಟ್ರಾಫಿಕ್ ತಪ್ಪು. ಮೊದಲ ಸಲಕ್ಕೆ 300ರಿಂದ 500 ಡಾಲರ್ ದಂಡ, 90 ದಿನ ಲೈಸೆನ್ಸ್ ಅಮಾನತು. ಮೊದಲ ಸಲ ಸಿಕ್ಕಿದ ಎಷ್ಟೋ ಜನ ದೊಡ್ಡ ಆರೋಪದಿಂದ ಇಳಿದು ಈ ಸಣ್ಣ ತಪ್ಪನ್ನು ಒಪ್ಪಿಕೊಂಡು ಹೊರಬರುತ್ತಾರೆ. ನಮ್ಮ ಮಿತಿ ಇದಕ್ಕಿಂತ ಬಿಗಿ, ಗೊತ್ತೇ? 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ, ಅಂದರೆ ಶೇ. 0.03. ಶೇ. 0.04 ಇದ್ದವನು ಬೆಂಗಳೂರಿನಲ್ಲಿ ಆರೋಪಿ, ಹಿಕ್ಸ್‌ವಿಲ್‌ನಲ್ಲಿ ಸಾಮಾನ್ಯವಾಗಿ ಆರಾಮಾಗಿ ಮನೆಗೆ ಹೋಗುತ್ತಾನೆ.

ಮುಖ್ಯವಾದ ಮಾತು ಈಗ. ನ್ಯೂಯಾರ್ಕ್‌ನಲ್ಲಿ ಆರೋಪಿ ಖುಲಾಸೆಯಾದರೆ, ಕೇಸು ವಜಾ ಆದರೆ, ಕಾನೂನಿನ ಪ್ರಕಾರ ಆ ಕಡತಕ್ಕೆ ಸೀಲ್ ಬೀಳುತ್ತದೆ. ನೀವು ಹೋಗಿ ಕೇಳಿದರೆ ಏನೂ ಇಲ್ಲ ಅನ್ನುತ್ತಾರೆ. 2019ರಿಂದ ಪೊಲೀಸರು ಅರೆಸ್ಟ್ ಆದವರ ಫೋಟೋವನ್ನೂ ಕೇಳಿದವರಿಗೆಲ್ಲ ಕೊಡುವ ಹಾಗಿಲ್ಲ, ತನಿಖೆಗೋ ಹುಡುಕಾಟಕ್ಕೋ ಬೇಕಾದರೆ ಮಾತ್ರ. 2024ರ ನವೆಂಬರ್ 16ರಿಂದ 'ಕ್ಲೀನ್ ಸ್ಲೇಟ್' ಕಾನೂನು ಬಂದಿದೆ. ಸಣ್ಣ ಅಪರಾಧಕ್ಕೆ 3 ವರ್ಷ, ದೊಡ್ಡದಕ್ಕೆ 8 ವರ್ಷ ಮತ್ತೆ ತಂಟೆಗೆ ಹೋಗದಿದ್ದರೆ ಶಿಕ್ಷೆಯಾದ ದಾಖಲೆಯೂ ಮುಚ್ಚುತ್ತದೆ. ಅತಿ ಘೋರ ಅಪರಾಧಗಳಿಗೆ ಇದಿಲ್ಲ. ಹಳೆಯದೆಲ್ಲ ಮುಚ್ಚಲು ಕೋರ್ಟುಗಳಿಗೆ 2027ರ ನವೆಂಬರ್‌ವರೆಗೆ ಸಮಯ ಕೊಟ್ಟಿದ್ದಾರೆ.

ಆದರೆ ನೀವು ಕೇಳಿದ ಆ ದುಡ್ಡಿನ ಕಂಪನಿಗಳಿಗೆ ಸೀಲ್ ಬಿದ್ದ ಸುದ್ದಿ ಮುಟ್ಟುವುದು ಯಾವಾಗಲೋ. ಅರೆಸ್ಟ್ ಆದ ದಿನ ಎತ್ತಿಕೊಂಡ ಹೆಸರನ್ನು ಹಾಗೇ ಇಟ್ಟುಕೊಂಡು ಮಾರುತ್ತಿರುತ್ತವೆ. ನೌಕರಿ ಕೊಡಲು, ಬಾಡಿಗೆಗೆ ಮನೆ ಕೊಡಲು ಇಂಥ ವರದಿ ಬಳಸುವುದಕ್ಕೆ 1970ರಿಂದಲೇ ಅಮೆರಿಕದಲ್ಲಿ ಕೇಂದ್ರದ ಕಾನೂನು ಇದೆ. ಹಾಗಾಗಿ ಈ ಪೈಕಿ ಎಷ್ಟೋ ಕಂಪನಿಗಳು 'ನಾವು ಆ ಕಾನೂನಿಗೆ ಒಳಪಡುವ ಸಂಸ್ಥೆ ಅಲ್ಲ' ಎಂದು ಸಣ್ಣ ಅಕ್ಷರದಲ್ಲಿ ಬರೆದು ಜಾರಿಕೊಳ್ಳುತ್ತವೆ. ಇನ್ನು ಕೆಲವರ ದಂಧೆ ಇದಕ್ಕೂ ಕೀಳು. ಅರೆಸ್ಟ್ ಫೋಟೋ ಹಾಕುವುದು, ತೆಗೆಯಲು ದುಡ್ಡು ಕೇಳುವುದು. 2018ರಲ್ಲಿ ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ (ರಾಜ್ಯ ಸರ್ಕಾರದ ಮುಖ್ಯ ವಕೀಲರು) ಅಂಥ ಒಂದು ವೆಬ್‌ಸೈಟ್ ನಡೆಸುವವರ ಮೇಲೆ ಸುಲಿಗೆಯ ಕೇಸು ಹಾಕಿದರು. ನಿಮ್ಮ ಪಿಂಚಣಿ ದುಡ್ಡನ್ನು ಇಂಥ ಕಡೆ ಸುರಿಯಬೇಡಿ ಮೇಷ್ಟ್ರೇ.

ನನಗೆ ಈ ವಿಷಯದಲ್ಲಿ ಇಷ್ಟು ಬಿಸಿ ಯಾಕೆ ಅಂತ ಕೇಳಬಹುದು. ನಾನು ಪತ್ರಿಕೋದ್ಯಮ ಕಲಿತದ್ದು ಒಂದು ಜಿಲ್ಲಾ ಪತ್ರಿಕೆಯಲ್ಲಿ, ಕೋರ್ಟ್ ವರದಿ ಮಾಡುತ್ತಾ. ಒಬ್ಬ ಟೆಂಪೊ ಚಾಲಕ ಕುಡಿದು ಗುದ್ದಿದ ಎಂದು ಮೊದಲ ಪುಟದಲ್ಲಿ ಫೋಟೋ ಸಮೇತ ಬಂದಿತ್ತು. ಎಷ್ಟೋ ತಿಂಗಳ ನಂತರ ಆತ ಖುಲಾಸೆಯಾದ. ತೀರ್ಪಿನ ನಕಲು ಪ್ರತಿ ಮಡಿಚಿಕೊಂಡು ಆಫೀಸಿಗೆ ಬಂದು ಎರಡು ಸಾಲು ಹಾಕಿ ಎಂದು ಕೇಳಿದ. ಅಂದಿನ ಮುಖ್ಯಸ್ಥರು ಜಾಹೀರಾತು ಜಾಸ್ತಿ ಇದೆ, ಜಾಗ ಇಲ್ಲ ಎಂದು ಕಳಿಸಿದರು. ಅರೆಸ್ಟಿಗೆ ಮೂರು ಕಾಲಂ ಜಾಗ ಇತ್ತು, ಖುಲಾಸೆಗೆ ಎರಡು ಸಾಲು ಇರಲಿಲ್ಲ.

ಈಗ ಟಿವಿ ನೋಡಿ. ಬೆಂಗಳೂರಿನಲ್ಲಿ ರಾತ್ರಿ ಟ್ರಾಫಿಕ್ ಪೊಲೀಸರು ತಪಾಸಣೆಗೆ ನಿಂತರೆ ಪಕ್ಕದಲ್ಲೇ ಕ್ಯಾಮೆರಾ. ಯಂತ್ರಕ್ಕೆ ಊದುವ ಮುಂಚೆಯೇ ಮೈಕು ಮುಖಕ್ಕೆ. ಓಡಿಸುವವಳು ಹೆಂಗಸಾದರೆ ಕೇಳುವುದೇ ಬೇಡ, ಅದೇ ತುಣುಕು ಬೆಳಗಿನವರೆಗೆ ಸುತ್ತುತ್ತದೆ. ಹಿನ್ನೆಲೆಗೆ ಸಿನಿಮಾ ಹಾಡು ಬೇರೆ. ಆಕೆ ಕೋರ್ಟಿಗೆ ಹೋದಳಾ, ದಂಡ ಕಟ್ಟಿದಳಾ, ಯಂತ್ರದಲ್ಲಿ ಎಷ್ಟು ಬಂದಿತ್ತು ಎಂದು ಮರುದಿನ ಯಾರೂ ಕೇಳುವುದಿಲ್ಲ. ಅಲ್ಲೇ ಹತ್ತಿರದಲ್ಲಿ ನಡುರಾತ್ರಿ ದಾಟಿ ತೆರೆದಿರುವ ಬಾರಿನ ಮುಂದೆ ಮೈಕು ಹಿಡಿದವರನ್ನು ಎಷ್ಟು ಸಲ ಕಂಡಿದ್ದೀರಿ? ಪಾರ್ಕಿಂಗ್ ತುಂಬಾ ಕಾರು ನಿಲ್ಲಿಸಿಕೊಂಡು ಕುಡಿಸುವವರಿಗೆ ಯಾವ ಗೋಡೆಯೂ ಇಲ್ಲ.

ನಮ್ಮ ಕೋರ್ಟುಗಳು ಮುಚ್ಚಿಕೊಂಡಿವೆ ಅಂತ ತಿಳಿಯಬೇಡಿ. ಇ-ಕೋರ್ಟ್ಸ್ ತಾಣದಲ್ಲಿ ಕಕ್ಷಿದಾರರ ಹೆಸರು ಹಾಕಿ ಯಾರು ಬೇಕಾದರೂ ಕೇಸಿನ ಸ್ಥಿತಿ ನೋಡಬಹುದು. ಎಫ್‌ಐಆರ್‌ಗಳನ್ನು ವೆಬ್‌ಸೈಟಿಗೆ ಹಾಕಬೇಕು, ಸೂಕ್ಷ್ಮ ಕೇಸುಗಳನ್ನು ಬಿಟ್ಟು, ಎಂದು 2016ರಲ್ಲೇ ಸುಪ್ರೀಂ ಕೋರ್ಟ್ ಹೇಳಿತು. ಇದೆಲ್ಲ ಒಳ್ಳೆಯದೇ, ನನ್ನ ಪೂರ್ತಿ ಬೆಂಬಲ ಇದೆ. ಆದರೆ ಮರುವರ್ಷ, 2017ರಲ್ಲಿ, ನಮ್ಮ ಕರ್ನಾಟಕ ಹೈಕೋರ್ಟಿಗೇ ಒಬ್ಬ ತಂದೆ ಬಂದರು. ಮಗಳ ಹಳೆಯ ಕೇಸಿನ ಆದೇಶ ಇಂಟರ್ನೆಟ್ಟಿನಲ್ಲಿ ಹೆಸರು ಹುಡುಕಿದರೆ ಸಿಗುತ್ತದೆ, ಅವಳ ಸಂಸಾರಕ್ಕೆ ತೊಂದರೆ ಎಂದರು. ಹುಡುಕಾಟದಲ್ಲಿ ಅವಳ ಹೆಸರು ಬಾರದಂತೆ ನೋಡಿಕೊಳ್ಳಿ ಎಂದು ಕೋರ್ಟ್ ತನ್ನ ಕಚೇರಿಗೆ ಹೇಳಿತು. ಪ್ರಮಾಣಿತ ಪ್ರತಿ ಕೇಳಿದವರಿಗೆ ಮಾತ್ರ ಹೆಸರು ಇರುವ ಹಾಗೇ ಕೊಡಬಹುದು. ನ್ಯಾಸೊದ ನ್ಯಾಯಾಧೀಶರೂ ಬೆಂಗಳೂರಿನ ನ್ಯಾಯಮೂರ್ತಿಗಳೂ ಹೆಚ್ಚುಕಡಿಮೆ ಒಂದೇ ಕಡೆಗೆ ಬಂದರು ನೋಡಿ.

ಇರಲಿ. ನಿಮ್ಮ ಅಳಿಯನ ವಿಷಯ. ನ್ಯೂಯಾರ್ಕ್‌ನ ಡ್ರೈವಿಂಗ್ ದಾಖಲೆ ಮೋಟಾರು ವಾಹನ ಇಲಾಖೆಯಲ್ಲಿರುತ್ತದೆ. ಕುಡಿದು ಓಡಿಸಿ ಶಿಕ್ಷೆಯಾಗಿದ್ದರೆ ಅದರಲ್ಲಿ 15 ವರ್ಷ ಕಾಣುತ್ತದೆ, ಸಣ್ಣ ತಪ್ಪಾದರೆ 10 ವರ್ಷ. ಅದರ ಪ್ರತಿಯನ್ನು ನೀವು ಪಡೆಯಲು ಆಗುವುದಿಲ್ಲ. 1989ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಹುಚ್ಚು ಅಭಿಮಾನಿ ಇಂಥ ಇಲಾಖೆಯಿಂದಲೇ ನಟಿ ರೆಬೆಕಾ ಶೆಫರ್ ಅವರ ವಿಳಾಸ ಪತ್ತೇದಾರನ ಮೂಲಕ ಹೊರಡಿಸಿ, ಮನೆ ಬಾಗಿಲಲ್ಲೇ ಗುಂಡು ಹೊಡೆದು ಕೊಂದ. ಇಂಥ ದಾಖಲೆ ಕೇಳಿದವರಿಗೆಲ್ಲ ಕೊಡಬಾರದು ಎಂದು 1994ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು. ವಿಮೆ ಕಂಪನಿ, ಕೋರ್ಟು, ಪೊಲೀಸು ಹೀಗೆ ಯಾರಿಗೆ ಕೊಡಬಹುದು ಎಂಬ ಪಟ್ಟಿ ಇದೆ. ಹೆಣ್ಣು ಕೊಡುವ ಮಾವ ಆ ಪಟ್ಟಿಯಲ್ಲಿ ಇಲ್ಲ. ಆದರೆ ಹುಡುಗ ತನ್ನ ದಾಖಲೆಯನ್ನು ತಾನೇ ಆನ್‌ಲೈನ್‌ನಲ್ಲಿ 7 ಡಾಲರಿಗೆ ಪಡೆಯಬಹುದು. ಕೇಳಿ. ಜಾತಕದ ಜೊತೆ ಸಂಬಳದ ಚೀಟಿ ಕೇಳಲು ನಮಗೆ ನಾಚಿಕೆ ಆಗಲಿಲ್ಲವಲ್ಲ, ಇದಕ್ಕೇನು ನಾಚಿಕೆ?

ಕೇಳುವಾಗ ವೀಸಾ ಬಗ್ಗೆಯೂ ಕೇಳಿ. ಆತ ಎಚ್1ಬಿ ಎಂಬ ಕೆಲಸದ ವೀಸಾದಲ್ಲಿದ್ದರೆ ಇದು ನಿಜಕ್ಕೂ ಮುಖ್ಯ. 2015ರ ನವೆಂಬರ್‌ನಿಂದ ಅಮೆರಿಕದ ವಿದೇಶಾಂಗ ಇಲಾಖೆಯ ನಿಯಮ ಹೀಗಿದೆ: ವೀಸಾ ಕೊಟ್ಟ ಮೇಲೆ, ಕಳೆದ ಐದು ವರ್ಷದೊಳಗೆ ಕುಡಿದು ಓಡಿಸಿದ್ದಕ್ಕೆ ಅರೆಸ್ಟ್ ಆಗಿದ್ದರೆ, ಶಿಕ್ಷೆ ಆಗದಿದ್ದರೂ ವೀಸಾ ರದ್ದು ಮಾಡಬಹುದು. ಅಲ್ಲೇ ಇದ್ದು ಕೆಲಸ ಮಾಡುವುದಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದರೆ ಮದುವೆಗೆ ಊರಿಗೆ ಬಂದವನು ವಾಪಸು ಹೋಗಲು ಕಾನ್ಸುಲೇಟಿನಲ್ಲಿ ಮತ್ತೆ ವೀಸಾ ಕೇಳಬೇಕು. ವೈದ್ಯರ ತಪಾಸಣೆಯೂ ಆಗಬಹುದು, ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಛತ್ರ ಬುಕ್ ಮಾಡುವ ಮುಂಚೆ ಇದು ತಿಳಿದಿರಲಿ. ಮಗಳೂ ಆ ಮಾತುಕತೆಯಲ್ಲಿ ಕೂತಿರಲಿ. ನಿಮ್ಮ ಪತ್ರದಲ್ಲಿ ನೆಂಟರ ಅಭಿಪ್ರಾಯ ಇದೆ, ಅವಳದು ಒಂದು ಸಾಲೂ ಇಲ್ಲ.

ನಮ್ಮ ಪತ್ರಿಕೆಯಲ್ಲಿ ಕುಡಿದು ಓಡಿಸುವವರ ಅಂಕಣ ಶುರುವಾಗುವುದಿಲ್ಲ. ಕೋರ್ಟಿನಲ್ಲಿ ಕೇಸು ಮುಗಿದ ಮೇಲೆ, ತೀರ್ಪಿನ ಸಮೇತ, ಸುದ್ದಿಯಾಗುವಂಥದ್ದಾದರೆ ಖಂಡಿತ ಬರೆಯುತ್ತೇವೆ. ಖುಲಾಸೆಯಾದರೆ ಅದಕ್ಕೂ ಅಷ್ಟೇ ಜಾಗ ಕೊಡುತ್ತೇವೆ. ನಿಮಗೆ ಸಂಚಿಕೆ ತಡವಾಗಿ ತಲುಪುತ್ತಿದೆ ಎಂಬ ದೂರನ್ನು ಪ್ರಸಾರ ವಿಭಾಗಕ್ಕೆ ಕಳಿಸಿದ್ದೇನೆ.

— ಸಂ.