ರಿವ್ಯೂ ವರದಿಯಲ್ಲಿ ರೋಗಿಗಳ ಪಾಲನ್ನು ಎಲ್ಲಿ ಬರೆಯೋದು?

ಸಿಸ್ಟಮ್ಯಾಟಿಕ್ ರಿವ್ಯೂನಲ್ಲಿ (ಒಂದು ಪ್ರಶ್ನೆಯ ಬಗ್ಗೆ ನಡೆದ ಅಧ್ಯಯನಗಳನ್ನು ಕ್ರಮವಾಗಿ ಹುಡುಕಿ ಒಟ್ಟಿಗೆ ಪರಿಶೀಲಿಸುವ ಕೆಲಸ) ರೋಗಿಗಳೂ ಜೊತೆಗೆ ಕೆಲಸ ಮಾಡಿದ್ದಾರೆ, ಆದರೆ ಇಂಥ ವರದಿಯಲ್ಲಿ ಏನೇನು ಇರಬೇಕು ಎಂದು ಹೇಳುವ ಪ್ರಿಸ್ಮಾ (PRISMA) ಪಟ್ಟಿಯಲ್ಲಿ ಅದಕ್ಕೆ ಜಾಗ ಕಾಣುತ್ತಿಲ್ಲ ಎಂದು ಕೇಳಿದ್ದೀರಿ. ನಿಜ, ಪ್ರಿಸ್ಮಾ 2020ರ 27 ಅಂಶಗಳಲ್ಲಿ ಅದಕ್ಕೆಂದೇ ಒಂದು ಅಂಶವಿಲ್ಲ. ಜೊತೆಗೆ ಗ್ರಿಪ್ 2 (GRIPP2) ಬಳಸಿ, ಅದು ಸಂಶೋಧನೆಯಲ್ಲಿ ರೋಗಿಗಳ ಪಾಲನ್ನು ವರದಿ ಮಾಡಲೆಂದೇ ಇರುವ ಪಟ್ಟಿ. 2017ರಲ್ಲಿ ಬಂದ ಈ ಪಟ್ಟಿಯ ಚಿಕ್ಕ ರೂಪದಲ್ಲಿ ಐದೇ ಅಂಶಗಳಿವೆ: ಉದ್ದೇಶ, ವಿಧಾನ, ಫಲಿತಾಂಶ, ಚರ್ಚೆ, ಸರಿಯಾಗಿ ನಡೆದದ್ದು ಮತ್ತು ನಡೆಯದ್ದು.

"ರೋಗಿಗಳ ಸಲಹೆ ಪಡೆದೆವು" ಎಂದು ಸುಮ್ನೆ ಒಂದು ಸಾಲು ಬರೆದು ಬಿಡಬೇಡಿ. ಅದರಿಂದ ಓದುವವರಿಗೆ ಏನೂ ಗೊತ್ತಾಗುವುದಿಲ್ಲ. ಅವರ ಮಾತಿನಿಂದ ಏನು ಬದಲಾಯಿತು ಅನ್ನೋದು ಮುಖ್ಯ. ಉದಾಹರಣೆಗೆ, ನೋವಿಗಿಂತ ಸುಸ್ತೇ ಜಾಸ್ತಿ ಕಾಡುತ್ತದೆ ಎಂದು ಅವರು ಹೇಳಿದ್ದಕ್ಕೆ ನೀವು ಸುಸ್ತನ್ನೂ ಅಳತೆಗಳಲ್ಲಿ ಸೇರಿಸಿದ್ದರೆ, ಯಾವ ಹಂತದಲ್ಲಿ ಸೇರಿಸಿದಿರಿ ಎಂದು ಹೇಳಿ. ಪ್ರೋಟೋಕಾಲ್ (ರಿವ್ಯೂ ಹೇಗೆ ಮಾಡುತ್ತೀರಿ ಎಂದು ಮೊದಲೇ ಬರೆದ ಯೋಜನೆ) ನೋಂದಣಿ ಆದ ಮೇಲಿನ ಬದಲಾವಣೆ ಆಗಿದ್ದರೆ ಅದನ್ನು ತಿಳಿಸಲೇಬೇಕು, ಪ್ರಿಸ್ಮಾವೇ ಕೇಳುತ್ತದೆ. ಒಪ್ಪಿಕೊಳ್ಳದ ಸಲಹೆ ಇದ್ದರೆ ಅದನ್ನೂ ಕಾರಣದ ಸಮೇತ ಬರೆಯಿರಿ. ನನಗೆ ಅದೇ ಪ್ರಾಮಾಣಿಕ ವರದಿ ಅನಿಸುತ್ತದೆ.

ಈ ಭಾಗದ ಕರಡನ್ನು ಆ ರೋಗಿಗಳಿಗೇ ತೋರಿಸಿ. ಹೆಸರು ಹಾಕಬೇಕೋ ಬೇಡವೋ ಅಂತಲೂ ಅವರನ್ನೇ ಕೇಳಿ.