ಚಂದ್ರವಳ್ಳಿಯ ರೋಮನ್ ನಾಣ್ಯ: ಅದರಿಂದ ಏನು ಹೇಳಬಹುದು?

ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯ ಅಗೆತದಲ್ಲಿ ರೋಮ್ ಚಕ್ರವರ್ತಿ ತಿಬೇರಿಯಸ್‌ನ (ಆಳಿದ್ದು ಕ್ರಿ.ಶ. 14–37) ನಾಣ್ಯ ಸಿಕ್ಕಿದೆಯಲ್ಲ, ಹಾಗಾದರೆ ಅದು ಸಿಕ್ಕ ಮಣ್ಣಿನ ಪದರ ಅದೇ ಕಾಲದ್ದೇ, ರೋಮನ್ನರು ದುರ್ಗಕ್ಕೆ ಬಂದಿದ್ದರೇ ಎಂದು ಕೇಳಿದ್ದೀರಿ. ಬರೀ ನಾಣ್ಯದಿಂದ ಎರಡನ್ನೂ ಹೇಳಲಾಗದು ಸಾರ್.

ನಾಣ್ಯ ಕೊಡುವುದು ಒಂದೇ ಗಡಿ: ಪದರ ಅದಕ್ಕಿಂತ ಹಳೆಯದಲ್ಲ. ಅದೂ ಇಲಿ ಬಿಲದಿಂದಲೋ ಆಮೇಲೆ ತೋಡಿದ ಗುಂಡಿಯಿಂದಲೋ ಕೆಳಕ್ಕೆ ಜಾರಿಲ್ಲದಿದ್ದರೆ ಮಾತ್ರ. ಎಷ್ಟು ಹೊಸದು ಎನ್ನಲು ಜೊತೆಗೆ ಸಿಕ್ಕ ಮಡಕೆ ಚೂರು, ಶಾತವಾಹನರ ಸೀಸದ ನಾಣ್ಯಗಳನ್ನು ನೋಡಬೇಕು. 1947ರಲ್ಲಿ ಇಲ್ಲಿ ಅಗೆದ ಪುರಾತತ್ವಜ್ಞ ವೀಲರ್ ಕೂಡ ಪುದುಚೇರಿ ಬಳಿಯ ಹಳೆಯ ಬಂದರು ಅರಿಕಮೇಡಿನ ಮಡಕೆಗಳ ಜೊತೆ ಹೋಲಿಸಿಯೇ ಕಾಲ ಕಟ್ಟಿದ್ದು.

ಇನ್ನೊಂದು ತೊಡಕಿದೆ. ತಿಬೇರಿಯಸ್‌ಗಿಂತ ಹಿಂದಿನ ಚಕ್ರವರ್ತಿ ಆಗಸ್ಟಸ್ ಕಾಲದ ರೋಮನ್ ಬೆಳ್ಳಿ ನಾಣ್ಯ ದಿನಾರಿಯಸ್ ಸುಮಾರು 3.9 ಗ್ರಾಂ. ಕ್ರಿ.ಶ. 64ರಲ್ಲಿ ಚಕ್ರವರ್ತಿ ನೀರೋ ಅದನ್ನು ಸುಮಾರು 3.4 ಗ್ರಾಂಗೆ ಇಳಿಸಿ, ಬೆಳ್ಳಿಗೆ ಬೆರಕೆಯನ್ನೂ ಹೆಚ್ಚಿಸಿದ. ಬೆಳ್ಳಿಯನ್ನು ತೂಗಿ ಕೊಳ್ಳುವವನಿಗೆ ಹಳೆಯದೇ ಲಾಭ. ಹಾಗಾಗಿ ತಿಬೇರಿಯಸ್‌ನ ನಾಣ್ಯ ಅವನು ಸತ್ತು ಎಷ್ಟೋ ವರ್ಷವಾದ ಮೇಲೂ ಮಣ್ಣು ಸೇರಿರಬಹುದು.

ಹಡಗುಗಳು ಜುಲೈ ಹೊತ್ತಿಗೆ ಈಜಿಪ್ಟ್ ಬಿಟ್ಟು, ಮುಂಗಾರಿನ ಗಾಳಿ ಹಿಡಿದು ನಮ್ಮ ಪಶ್ಚಿಮ ಕರಾವಳಿಗೆ ಬರುತ್ತಿದ್ದವು. ಅಲ್ಲಿಂದ ಒಳನಾಡಿಗೆ ನಾಣ್ಯ ಕೈಯಿಂದ ಕೈಗೆ ದಾಟಿ ಬರಬಹುದು, ಅದಕ್ಕೆ ರೋಮನ್ನನೇ ಬೇಕಿಲ್ಲ. ದಾವಣಗೆರೆ ಮಂಡಿಯಲ್ಲಿ ಒಂದು ಡಾಲರ್ ಸಿಕ್ಕರೆ ಅಮೆರಿಕದವನು ಬಂದಿದ್ದ ಅಂತೀವಾ?